ರಜೆಯ ಬಾಟಲಿ ವಿನಿಮಯ: ಮೊದಲು ಕ್ಯಾಲೆಂಡರ್ ತೆಗೆಯಿರಿ

ಪ್ರಶ್ನೆ: ನಾವು ಹದಿನಾಲ್ಕು ಮಂದಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳು. ವರ್ಷದ ಕೊನೆಯ ರಜೆಯಲ್ಲಿ ನಮ್ಮ ನಮ್ಮ ಬಾಟಲಿಗಳನ್ನು ಅದಲು ಬದಲು ಮಾಡಿಕೊಳ್ಳುತ್ತೇವೆ. ಕಳೆದ ಸಲ ಮೂವರು ಕೊನೇ ವಾರದಲ್ಲಿ ಕೈಕೊಟ್ಟರು. ಇಬ್ಬರ ಬಿಯರಿನಲ್ಲಿ ಗ್ಯಾಸೇ ಇರಲಿಲ್ಲ. ಒಬ್ಬರ ಬಾಟಲಿ ಡಬ್ಬದೊಳಗೇ ಒಡೆಯಿತು. ಈ ಸಲ ಏರ್ಪಾಡು ನನ್ನ ತಲೆಗೆ ಬಂದಿದೆ. ಎಷ್ಟು ದಿನ ಮೊದಲು ಶುರು ಮಾಡಬೇಕು? ಯಾವ ನಿಯಮ ಹಾಕಬೇಕು? ಎಲ್ಲರ ಬಿಯರಿಗೂ ಅಂಕ ಕೊಟ್ಟರೆ ಚೆನ್ನಾಗಿರುತ್ತದಾ?

ಉತ್ತರ: ನೀವು ಮೂರು ತೊಂದರೆ ಬರೆದಿದ್ದೀರಿ. ನನಗೆ ಕಾಣುತ್ತಿರುವುದು ಒಂದೇ, ದಿನದ ಲೆಕ್ಕ ತಪ್ಪಿದ್ದು. ಕೊನೇ ವಾರದಲ್ಲಿ ಕೈಕೊಟ್ಟವರು ತಡವಾಗಿ ಕುದಿಸಿರುತ್ತಾರೆ. ಗ್ಯಾಸ್ ಇಲ್ಲದ ಬಾಟಲಿ ಬಹುತೇಕ ತಡವಾಗಿ ತುಂಬಿದ್ದು. ಒಡೆದ ಬಾಟಲಿ ಬೇಗ ತುಂಬಿದ್ದು, ಅದೂ ‘ತಡವಾಗಿಬಿಟ್ಟಿತಲ್ಲ’ ಅನ್ನುವ ಗಡಿಬಿಡಿಯಲ್ಲಿ. ಇಷ್ಟು ವರ್ಷ ಇಂಥ ವಿನಿಮಯ ನಡೆಸಿ ನಾನು ನೋಡಿದ್ದು ಇಷ್ಟೇ: ರುಚಿಯಿಂದ ಕೆಟ್ಟದ್ದು ಕಡಿಮೆ, ದಿನಾಂಕದಿಂದ ಕೆಟ್ಟದ್ದೇ ಜಾಸ್ತಿ. ನಿಯಮದ ಪಟ್ಟಿ ಆಮೇಲೆ ಬರೆಯೋಣ.

ಬಾಟಲಿ ಹಂಚುವ ದಿನವನ್ನು ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಸಕ್ಕರೆ ಹಾಕಿ ಬಾಟಲಿಯಲ್ಲೇ ಗ್ಯಾಸ್ ಬರಿಸುವ ಬಿಯರಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು, ಮೂರು ವಾರ ಬೇಕು. ಕೋಣೆ ತಣ್ಣಗಿದ್ದರೆ ಇನ್ನೂ ಜಾಸ್ತಿ. ಅದಕ್ಕೆ ಒಂದು ವಾರ ಕೈಯಲ್ಲಿಟ್ಟುಕೊಂಡು, ಹಂಚುವ ದಿನಕ್ಕೆ ನಾಲ್ಕು ವಾರ ಮೊದಲು ಬಾಟಲಿ ತುಂಬಿ ಮುಗಿದಿರಬೇಕು ಅನ್ನಿ. ಸಾಧಾರಣ ಏಲ್, ಅಂದರೆ ಬೆಚ್ಚಗೆ ಬೇಗ ಹುದುಗುವ ಬಿಯರ್, ಹುದುಗಿ ತಿಳಿಯಾಗಲು ಮತ್ತೆರಡು, ಮೂರು ವಾರ. ಅಂದರೆ ಕುದಿಸುವ ದಿನ ಏಳು ವಾರ ಮೊದಲು. ತಂಪಿನಲ್ಲಿ ನಿಧಾನವಾಗಿ ಹುದುಗುವ ಲಾಗರ್ ಮಾಡುವವರಿಗೆ ತಣ್ಣಗೆ ಇಡುವ ವಾರಗಳೂ ಸೇರುತ್ತವೆ. ಒಂಬತ್ತು, ಹತ್ತು ಪರ್ಸೆಂಟಿನ ಗಟ್ಟಿ ಬಿಯರ್ ಅಷ್ಟರಲ್ಲಿ ಕುಡಿಯುವ ಹದಕ್ಕೇ ಬರುವುದಿಲ್ಲ. ಇವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಮೂರು ತಿಂಗಳು ಮೊದಲೇ ಸುದ್ದಿ ಮುಟ್ಟಿಸಬೇಕು. ರಜೆಯ ಉತ್ಸಾಹ ಶುರುವಾದ ಮೇಲೆ ‘ಮಾಡೋಣ ಕಣ್ರೋ’ ಅಂತ ಎದ್ದರೆ ಕಳೆದ ಸಲದ ಕಥೆಯೇ.

ಹೆಸರು ಬರೆದುಕೊಳ್ಳುವ ಪದ್ಧತಿಯನ್ನೂ ಸ್ವಲ್ಪ ಬದಲಿಸಿ. ಸುದ್ದಿ ಹೇಳಿದ ದಿನ ಎಲ್ಲರೂ ಕೈ ಎತ್ತುತ್ತಾರೆ. ಆ ಕೈಗಳನ್ನು ನಂಬಿ ಲೆಕ್ಕ ಹಾಕಬೇಡಿ. ‘ಬಾಟಲಿ ತುಂಬಿದೆ, ಇಷ್ಟಿವೆ, ಇಂಥ ದಿನ ತುಂಬಿದ್ದು’ ಅಂತ ನಾಲ್ಕು ವಾರ ಮೊದಲು ಯಾರು ಹೇಳುತ್ತಾರೋ ಅವರದ್ದು ಮಾತ್ರ ಕೊನೆಯ ಪಟ್ಟಿ. ಆ ದಿನ ಹೇಳದವರನ್ನು ಮುಲಾಜಿಲ್ಲದೆ ಬಿಡಿ. ಆದರೆ ‘ಈ ಸಲ ನಂದು ಆಗ್ಲಿಲ್ಲ’ ಅಂತ ಹೇಳುವುದು ಸುಲಭವಾಗಿರಲಿ. ಅದಕ್ಕೆ ರೇಗಿಸಬೇಡಿ, ದಂಡ ಹಾಕಬೇಡಿ. ಅದನ್ನು ಹೇಳಲು ನಾಚಿಕೆಪಟ್ಟವರೇ ಅರ್ಧ ಹುದುಗಿದ ಬಿಯರನ್ನು ಬಾಟಲಿಗೆ ತುಂಬಿ ತರುವುದು. ಆ ಬಾಟಲಿ ಯಾರ ಮನೆಯಲ್ಲಿ ಒಡೆಯುತ್ತದೋ ಯಾರಿಗೆ ಗೊತ್ತು!

ನನ್ನ ಮನೆಯಲ್ಲೇ ಒಡೆದಿದೆ. ನಾನು ನಡೆಸಿದ ಮೊದಲ ವಿನಿಮಯ ಅದು. ಎಲ್ಲರ ಡಬ್ಬಗಳೂ ಎರಡು ದಿನ ನನ್ನ ಮನೆಯ ಹಜಾರದಲ್ಲಿದ್ದವು. ರಾತ್ರಿ ಎಲ್ಲ ಮಲಗಿದ ಮೇಲೆ ಟಪ್ ಅಂತ ಒಂದು ಸದ್ದು, ಆಮೇಲೆ ಗಾಜು ಉದುರಿದ ಸದ್ದು. ಬಂದು ನೋಡಿದರೆ ಒಂದು ಡಬ್ಬದ ಅಡಿಯಿಂದ ಗೋಧಿ ಬಿಯರ್ ಹರಿದು ಚಪ್ಪಲಿಗಳ ಕಡೆ ಹೋಗುತ್ತಿತ್ತು. ಬಾಟಲಿಯ ಕುತ್ತಿಗೆ ಕ್ಯಾಪ್ ಸಮೇತ ಹಾಗೇ ಇತ್ತು, ಕೆಳಗಿನ ಭಾಗ ಚೂರು ಚೂರು. ನಾನು ನೋಡುತ್ತಾ ನಿಂತಿರುವಾಗಲೇ ಪಕ್ಕದ್ದೂ ಹೋಯಿತು. ದಪ್ಪ ಕಂಬಳಿ ಹೊದಿಸಿ ಬಾಗಿಲು ಹಾಕಿಕೊಂಡೆ. ಬೆಳಿಗ್ಗೆ ಹೆಲ್ಮೆಟ್ ಹಾಕಿ, ದಪ್ಪ ಕೈಗವಸು ತೊಟ್ಟು ಡಬ್ಬವನ್ನು ಹೊರಗೆ ಸಾಗಿಸಿದೆ. ಮನೆಯವರು ಇವತ್ತಿಗೂ ಆ ಹೆಲ್ಮೆಟ್ಟಿನ ವಿಷಯ ತೆಗೆದು ನಗುತ್ತಾರೆ.

ಆಗಿದ್ದೇನು? ಮಾಡಿದ ಗೆಳೆಯ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡಿದ್ದ. ಸಕ್ಕರೆ ಹುದುಗಿದಷ್ಟೂ ಈ ಅಂಕಿ ಇಳಿಯುತ್ತದೆ. 1.018 ಬಂದಿತ್ತು. ಗುಳ್ಳೆ ಬರುವುದು ನಿಂತಿತ್ತಲ್ಲ, ಮುಗಿಯಿತು ಅಂದುಕೊಂಡ. ಅವನ ಬಿಯರ್ 1.010ಕ್ಕೆ ಇಳಿಯಬೇಕಿತ್ತು. ತಣ್ಣನೆ ಕೋಣೆಯಲ್ಲಿ ಯೀಸ್ಟ್ ಸುಮ್ಮನಾಗಿತ್ತು, ಅಷ್ಟೆ. ನನ್ನ ಬೆಚ್ಚನೆ ಹಜಾರಕ್ಕೆ ಬಂದ ಮೇಲೆ ಎದ್ದು ಕೂತು ಕೆಲಸ ಶುರು ಮಾಡಿತು. ಈಗ ಲೆಕ್ಕ ನೋಡಿ. ಗ್ರಾವಿಟಿ ಎರಡು ಪಾಯಿಂಟ್ ಇಳಿದರೆ, ಅಂದರೆ 0.002, ಸುಮಾರು ಒಂದು ವಾಲ್ಯೂಮ್ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಲೀಟರ್ ಬಿಯರಿಗೆ ಒಂದು ಲೀಟರ್ ಗ್ಯಾಸ್ ಅಂದರೆ ಒಂದು ವಾಲ್ಯೂಮ್. ಉಳಿದಿದ್ದ ಎಂಟು ಪಾಯಿಂಟಿಗೆ ನಾಲ್ಕು ವಾಲ್ಯೂಮ್. ಅವನು ಹಾಕಿದ ಸಕ್ಕರೆಯ ಲೆಕ್ಕದಲ್ಲಿ ಆಗಲೇ ಎರಡೂವರೆ ಇತ್ತು. ಒಟ್ಟು ಆರೂವರೆ. ಮಾಮೂಲಿ ಬಿಯರ್ ಬಾಟಲಿಗೆ ಮೂರು ವಾಲ್ಯೂಮ್ ದಾಟಿದರೇ ನಾನು ಹಿಂಜರಿಯುತ್ತೇನೆ. 20 ಡಿಗ್ರಿಯಲ್ಲಿ ಎರಡೂವರೆ ವಾಲ್ಯೂಮ್ ಅಂದರೆ ಹೆಚ್ಚುಕಡಿಮೆ ಕಾರಿನ ಟೈರಿನಲ್ಲಿರುವಷ್ಟು ಒತ್ತಡ. ಆರೂವರೆ ಅಂದರೆ ಅದರ ಮೂರು ಪಟ್ಟು, ಗಾಜಿನೊಳಗೆ.

ಹಾಗಾಗಿ ನಿಮ್ಮ ಮೊದಲ ನಿಯಮ ಇದಿರಲಿ: ಎರಡು, ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ಗ್ರಾವಿಟಿ ಬಂದಿರಬೇಕು, ಅದು ರೆಸಿಪಿಯಲ್ಲಿ ನಿರೀಕ್ಷಿಸಿದ ಅಂಕಿಗೆ ಹತ್ತಿರವೂ ಇರಬೇಕು. ಒಂದೇ ಅಂಕಿ ಬಂದರೆ ಸಾಲದು. ನಮ್ಮ ಗೆಳೆಯನ ಬಿಯರೂ ಒಂದೇ ಅಂಕಿ ತೋರಿಸುತ್ತಿತ್ತು, ಯೀಸ್ಟ್ ಮಲಗಿತ್ತಲ್ಲ. ಎಲ್ಲಿಗೆ ಇಳಿಯಬೇಕು ಅಂತ ಅನುಮಾನವಿದ್ದರೆ ಒಂದು ಉಪಾಯ ಇದೆ. ಕುದಿಸಿದ ದಿನವೇ ಇನ್ನೂ ಹುದುಗದ ಬಿಯರಿನ ರಸ ಒಂದು ಲೋಟದಷ್ಟು ಬೇರೆ ಬಾಟಲಿಗೆ ತೆಗೆದು, ಯೀಸ್ಟ್ ಧಾರಾಳವಾಗಿ ಹಾಕಿ, ಮನೆಯ ಬೆಚ್ಚನೆ ಮೂಲೆಯಲ್ಲಿಡಿ. ಆಗಾಗ ಅಲ್ಲಾಡಿಸಿ. ಕೆಲವೇ ದಿನದಲ್ಲಿ ಅದರ ಗ್ರಾವಿಟಿ ತಳ ಮುಟ್ಟುತ್ತದೆ. ಅಲ್ಲಿ ಬಂದ ಅಂಕಿಯೇ ದೊಡ್ಡ ಪಾತ್ರೆಯದ್ದಕ್ಕೂ ಗುರಿ.

ಸೇಸಾನ್ ಅನ್ನುವ ಬೆಲ್ಜಿಯಂ ಶೈಲಿಯ ಬಿಯರ್ ಮಾಡುವವರು ಇದ್ದರೆ ಅವರನ್ನು ಪಕ್ಕಕ್ಕೆ ಕರೆದು ಕೇಳಿ. ಆ ಶೈಲಿಯ ಕೆಲವು ಯೀಸ್ಟ್‌ಗಳು ಡಯಾಸ್ಟಾಟಿಕಸ್ ಜಾತಿಯವು. ಬೇರೆ ಯೀಸ್ಟ್ ಮುಟ್ಟದೆ ಬಿಡುವ ಸಂಕೀರ್ಣ ಸಕ್ಕರೆಗಳಾದ ಡೆಕ್ಸ್‌ಟ್ರಿನ್‌ಗಳನ್ನೂ ಇವು ಒಡೆದು ತಿನ್ನುತ್ತವೆ, ನಿಧಾನವಾಗಿ, ತಿಂಗಳುಗಟ್ಟಲೆ. ಬ್ರೆಟ್ ಅನ್ನುವ ಕಾಡು ಯೀಸ್ಟ್ ಹಾಕಿದ ಬಿಯರಿನದೂ ಅದೇ ಸ್ವಭಾವ. ಇಂಥವು ಪೂರ್ತಿ ಇಳಿದ ಮೇಲೆ ದಪ್ಪ ಗಾಜಿನ ಬಾಟಲಿಯಲ್ಲೇ ಬರಬೇಕು.

ಸಕ್ಕರೆಯನ್ನು ಚಮಚದಲ್ಲಿ ಅಳೆಯುವವರನ್ನು ದಯವಿಟ್ಟು ನಿಲ್ಲಿಸಿ. ತೂಕ ಮಾಡಬೇಕು. ಮಾಮೂಲಿ ಸಕ್ಕರೆ ಲೀಟರಿಗೆ ನಾಲ್ಕು ಗ್ರಾಂ ಹಾಕಿದರೆ ಸುಮಾರು ಒಂದು ವಾಲ್ಯೂಮ್ ಗ್ಯಾಸ್ ಬರುತ್ತದೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಮುಕ್ಕಾಲು ವಾಲ್ಯೂಮಿಗಿಂತ ಸ್ವಲ್ಪ ಜಾಸ್ತಿ ಆಗಲೇ ಕರಗಿರುತ್ತದೆ. ಎರಡೂಕಾಲು, ಎರಡೂವರೆ ವಾಲ್ಯೂಮ್ ಬೇಕು ಅಂದರೆ ಲೀಟರಿಗೆ ಆರು ಗ್ರಾಂ ಸಾಕು. 20 ಲೀಟರಿಗೆ 120 ಗ್ರಾಂ. ಅದನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಬಾಟಲಿ ತುಂಬುವ ಬಕೆಟ್ಟಿನ ತಳಕ್ಕೆ ಮೊದಲೇ ಸುರಿದು, ಅದರ ಮೇಲೆ ಬಿಯರನ್ನು ಪೈಪಿನಲ್ಲಿ ಸದ್ದಿಲ್ಲದೆ ಇಳಿಸಿ. ಆಮೇಲೂ ತೊಳೆದ ಸೌಟಿನಲ್ಲಿ ಮೆಲ್ಲಗೆ ಒಂದೆರಡು ಸುತ್ತು ತಿರುಗಿಸಿ. ನೀವು ಹೇಳಿದ ಗ್ಯಾಸಿಲ್ಲದ ಬಾಟಲಿಗಳಿಗೆ ಇದೂ ಕಾರಣ ಇರಬಹುದು. ಸಕ್ಕರೆ ಸರಿಯಾಗಿ ಬೆರೆಯದಿದ್ದರೆ ಒಂದೇ ಬಕೆಟ್ಟಿನ ಕೆಲವು ಬಾಟಲಿ ಸಪ್ಪೆ, ಕೆಲವು ಕಾರಂಜಿ.

ಬಾಟಲಿ ಹದಕ್ಕೆ ಬಂತೋ ಇಲ್ಲವೋ ತಿಳಿಯಲು ನಾನು ಪ್ರತಿ ಸಲ ಮಾಡುವ ಕೆಲಸ ಒಂದಿದೆ. ಗಾಜಿನ ಬಾಟಲಿಗಳ ಜೊತೆಗೇ ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿ ಒಂದನ್ನೂ ತುಂಬುತ್ತೇನೆ. ಮುಚ್ಚಳ ಹಾಕುವ ಮೊದಲು ಹಿಂಡಿ ಗಾಳಿ ತೆಗೆದಿರುತ್ತೇನೆ, ಆದ್ದರಿಂದ ಅದು ಸೊಟ್ಟಗೆ ಕಾಣುತ್ತದೆ. ನಾಲ್ಕೈದು ದಿನದಲ್ಲಿ ತಾನೇ ನೆಟ್ಟಗಾಗುತ್ತದೆ. ಎರಡು ವಾರಕ್ಕೆ ಹೆಬ್ಬೆರಳು ಒತ್ತಿದರೆ ಒಳಗೆ ಹೋಗುವುದಿಲ್ಲ. ಆಗ ಗಾಜಿನದ್ದು ಒಂದು ತೆಗೆದು ಫ್ರಿಜ್ಜಿಗೆ ಇಡುತ್ತೇನೆ. ಪ್ಲಾಸ್ಟಿಕ್ ಬಾಟಲಿಯ ತಳ ಉಬ್ಬಿ ನಿಲ್ಲಿಸಿದರೆ ಓಲಾಡುತ್ತಿದೆ ಅಂದರೆ ಮಾತ್ರ ಎಲ್ಲ ಬಾಟಲಿಯನ್ನೂ ತಣ್ಣಗೆ ಮಾಡಿ, ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿ, ಮೇಲೆ ಟವೆಲ್ ಮುಚ್ಚಿ ಒಂದೊಂದೇ ಕ್ಯಾಪ್ ಸಡಿಲಿಸಬೇಕು. ತಣ್ಣಗಾದರೆ ಒತ್ತಡ ಇಳಿಯುತ್ತದೆ, ಅದಕ್ಕೇ ಮೊದಲು ತಣ್ಣಗೆ ಮಾಡುವುದು.

ಇದರಿಂದ ಎರಡನೇ ನಿಯಮ ಬರುತ್ತದೆ. ಹಂಚುವ ದಿನಕ್ಕೆ ಒಂದು ವಾರ ಇರುವಾಗ ಪ್ರತಿಯೊಬ್ಬರೂ ತಮ್ಮದೇ ಎರಡು ಬಾಟಲಿ ತೆರೆದು ಕುಡಿದು ನೋಡಿ, ಹೇಗಿದೆ ಅಂತ ನಿಮಗೆ ಎರಡು ಸಾಲು ಕಳಿಸಬೇಕು. ಒಂದೇ ಬೇಡ, ಎರಡು. ಸರಿಯಾಗಿ ತೊಳೆಯದ ಒಂದೇ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಸೇರಿದ್ದರೆ ಪಕ್ಕದ ಬಾಟಲಿ ಅದನ್ನು ಹೇಳುವುದಿಲ್ಲ. ಸಪ್ಪೆ ಇದ್ದರೆ ತೊಂದರೆ ಇಲ್ಲ, ‘ಇನ್ನೆರಡು ವಾರ ಬಿಟ್ಟು ತೆರೆಯಿರಿ’ ಅಂತ ಚೀಟಿ ಹಚ್ಚಿ ಕೊಡಬಹುದು. ನೊರೆ ಉಕ್ಕಿ ಮೇಜಿನ ಮೇಲೆ ಹರಿದರೆ ಆ ಬಿಯರ್ ಬರುವುದು ಬೇಡ.

ಬಾಟಲಿ ಕಂದು ಬಣ್ಣದ್ದೇ ಆಗಿರಲಿ, ಓಪನರಿನಲ್ಲಿ ತೆರೆಯುವಂಥದ್ದು. ತಿರುಗಿಸಿ ತೆರೆಯುವ ಬಾಟಲಿಗೆ ಮನೆಯ ಕ್ಯಾಪರಿನಲ್ಲಿ ಕ್ಯಾಪ್ ಸರಿಯಾಗಿ ಕೂರುವುದಿಲ್ಲ. ಮಾಮೂಲಿ ವೈನ್ ಬಾಟಲಿ ಗ್ಯಾಸಿಗೆ ಮಾಡಿದ್ದೇ ಅಲ್ಲ. ಪಾರದರ್ಶಕ ಮತ್ತು ಹಸಿರು ಗಾಜಿನಲ್ಲಿ ಬೆಳಕು ಒಳಗೆ ಹೋಗಿ, ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿಯನ್ನು ಒಡೆಯುತ್ತದೆ. ಆಗ ಹುಟ್ಟುವ ಗಂಧಕದ ಸಂಯುಕ್ತ ಎಷ್ಟು ಕಮಟು ಅಂದರೆ ಒಂದು ಲೀಟರಿನಲ್ಲಿ ಗ್ರಾಮಿನ ಶತಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗಿಗೆ ಹೊಡೆಯುತ್ತದೆ. ಬಿಸಿಲಿನಲ್ಲಿ ಕೆಲವು ನಿಮಿಷ ಸಾಕು.

ಎಷ್ಟು ಬಾಟಲಿ ಅನ್ನುವುದು ಸುಲಭದ ಲೆಕ್ಕ. ಹದಿನಾಲ್ಕು ಜನ ಅಂದರೆ ಬೇರೆಯವರಿಗೆ ಹದಿಮೂರು, ರುಚಿ ನೋಡಲು ಎರಡು, ಒಡೆದರೆ ಕಳೆದರೆ ಅಂತ ಒಂದು. ಒಟ್ಟು ಹದಿನಾರು. 330 ಮಿಲಿಲೀಟರಿನದ್ದಾದರೆ ಐದು ಲೀಟರಿಗೆ ಸ್ವಲ್ಪ ಮೇಲೆ. 20 ಲೀಟರ್ ಮಾಡುವವರಿಗೆ ಕಾಲು ಭಾಗ ಹೋಯಿತು, ಬೇಜಾರಿಲ್ಲ. ಆದರೆ ಐದು ಲೀಟರಿನ ಚಿಕ್ಕ ಪಾತ್ರೆಯಲ್ಲಿ ಮಾಡುವವರೂ ನಿಮ್ಮಲ್ಲಿರಬಹುದು. ಅವರಿಗೆ ತಮ್ಮದೇ ಬಿಯರ್ ಉಳಿಯುವುದಿಲ್ಲ. ಅದಕ್ಕೇ ನನಗೆ ಏಳು ಏಳು ಜನರ ಎರಡು ಗುಂಪು ಇಷ್ಟ. ಆಗ ಆರು ಬಾಟಲಿ ಕೊಟ್ಟರೆ ಆಯಿತು. ಯಾರು ಯಾವ ಗುಂಪು ಅಂತ ಚೀಟಿ ಎತ್ತಿ. ಎಲ್ಲರೂ ಎಲ್ಲರದ್ದೂ ಕುಡಿಯಲೇಬೇಕು ಅನ್ನುವವರು ಒಪ್ಪುವುದಿಲ್ಲ, ಅದು ನಿಮ್ಮ ತಲೆನೋವು.

ಹೊಸಬರನ್ನು ಸೇರಿಸಿಕೊಳ್ಳಿ, ಆದರೆ ಒಂದು ಸಲವಾದರೂ ಬಾಟಲಿ ತುಂಬಿ, ತೆರೆದು, ಕುಡಿದವರಾಗಿರಬೇಕು. ಮೊದಲ ಪ್ರಯೋಗವೇ ಹದಿಮೂರು ಮನೆಗೆ ಹೋಗುವುದು ಬೇಡ. ಅಂಗಡಿಯ ಸಿದ್ಧ ಕಿಟ್ಟಿನಿಂದ ಮಾಡಿದ್ದೋ, ಕಾಳಿನಿಂದ ಮಾಡಿದ್ದೋ ಅನ್ನುವ ಭೇದ ಮಾಡಬೇಡಿ. ಜೇನಿನಿಂದ ಮಾಡುವ ಮೀಡ್, ಸೇಬಿನ ಸೈಡರ್ ತಂದರೂ ಸೈ. ಭಟ್ಟಿ ಇಳಿಸಿದ್ದು ಮಾತ್ರ ಖಂಡಿತ ಬೇಡ. ಬಹುತೇಕ ದೇಶಗಳಲ್ಲಿ ಅದು ಅಪರಾಧ, ಅಪಾಯವೂ ಹೌದು. ಮನೆಯಲ್ಲಿ ಬಿಯರ್ ಮಾಡುವುದಕ್ಕೂ ಒಂದೊಂದು ಕಡೆ ಒಂದೊಂದು ಕಾನೂನಿದೆ. ಕೆಲವು ಕಡೆ ಇಷ್ಟು ಲೀಟರಿನವರೆಗೆ ಬಿಟ್ಟಿರುತ್ತಾರೆ, ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಬಿಲ್‌ಕುಲ್ ಇಲ್ಲ. ನಿಮ್ಮಲ್ಲಿ ಏನಿದೆ ಅಂತ ಸುದ್ದಿ ಹೊರಡಿಸುವ ಮೊದಲೇ ನೋಡಿಕೊಳ್ಳಿ. ದುಡ್ಡು ಕೈ ಬದಲಾಗಬಾರದು. ‘ಖರ್ಚಿಗೆ ಸ್ವಲ್ಪ’ ಅಂತ ಈಸಿಕೊಂಡರೂ ಅದು ಮಾರಾಟದ ಲೆಕ್ಕಕ್ಕೆ ಬರಬಹುದು.

ಲೇಬಲ್ ವಿಷಯದಲ್ಲಿ ಚಿತ್ರಗಿತ್ರ ಅವರವರ ಖುಷಿ. ಬರೆಯಲೇಬೇಕಾದ್ದು ಬೇರೆ: ಬಿಯರಿನ ಹೆಸರು, ಶೈಲಿ, ತುಂಬಿದ ದಿನ, ಯಾವಾಗಿನಿಂದ ಕುಡಿಯಬಹುದು, ಮದ್ಯಸಾರ ಎಷ್ಟು ಪರ್ಸೆಂಟ್. ಮೊದಲ ಗ್ರಾವಿಟಿಯಲ್ಲಿ ಕೊನೆಯದ್ದನ್ನು ಕಳೆದು 131.25ರಿಂದ ಗುಣಿಸಿದರೆ ಪರ್ಸೆಂಟ್ ಸಿಗುತ್ತದೆ. 1.056ರಿಂದ 1.012ಕ್ಕೆ ಇಳಿದಿದ್ದರೆ 0.044, ಗುಣಿಸಿದರೆ 5.8. ಇದು ಒಣ ಶಾಸ್ತ್ರ ಅಲ್ಲ. ಸಿಹಿಯಾದ ಒಂಬತ್ತು ಪರ್ಸೆಂಟಿನ ಬಿಯರ್ ಐದು ಪರ್ಸೆಂಟಿನದ್ದರ ಹಾಗೇ ಇಳಿಯುತ್ತದೆ, ಕುಡಿದವರಿಗೆ ಮೊದಲೇ ಗೊತ್ತಿರಬೇಕು ಅಲ್ವಾ. ಹಾಲಿನ ಸಕ್ಕರೆ, ಕಡಲೆಕಾಯಿ, ಗೋಡಂಬಿ, ಗೋಧಿ ಹಾಕಿದ್ದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹಾಲಿನ ಸಕ್ಕರೆ ಹಾಕಿದ ಮಿಲ್ಕ್ ಸ್ಟೌಟ್ ಅನ್ನುವ ಕಪ್ಪು ಬಿಯರ್ ಕುಡಿದು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡವರು ನಮ್ಮಲ್ಲಿ ಒಬ್ಬರಿದ್ದಾರೆ, ಲೇಬಲ್ಲಿನಲ್ಲಿ ಇದ್ದದ್ದು ಕರಡಿಯ ಚಿತ್ರ ಮಾತ್ರ. ಅಂಟಿಸಲು ಗೋಂದು ಬೇಡ, ಹಾಲು ಸಾಕು. ಮಾಮೂಲಿ ಕಾಗದದ ಹಿಂದೆ ಬ್ರಷ್‌ನಿಂದ ತೆಳ್ಳಗೆ ಹಾಲು ಸವರಿ ಒತ್ತಿದರೆ ಒಣಗಿ ಗಟ್ಟಿಯಾಗಿ ಕೂರುತ್ತದೆ, ನೀರಿನಲ್ಲಿ ನೆನೆಸಿದರೆ ತಾನೇ ಬಿಟ್ಟು ಬರುತ್ತದೆ. ಫ್ರಿಜ್ಜಿನ ತೇವಕ್ಕೆ ಲೇಬಲ್ ಉದುರಿದರೆ ಇರಲಿ ಅಂತ ಕ್ಯಾಪಿನ ಮೇಲೂ ಮಾರ್ಕರಿನಲ್ಲಿ ಒಂದು ಸಂಖ್ಯೆ ಬರೆಸಿ.

ಆ ಸಂಖ್ಯೆಗೆ ಇನ್ನೊಂದು ಉಪಯೋಗ ಇದೆ, ನನ್ನ ಪ್ರಕಾರ ಇಡೀ ವಿನಿಮಯದ ಸ್ವಾರಸ್ಯ ಅಲ್ಲೇ ಇರುವುದು. ಸಂಖ್ಯೆಯೇ ಕುಡಿಯುವ ದಿನ. ಒಂದನೇ ಬಾಟಲಿಯನ್ನು ರಜೆಯ ಮೊದಲ ಸಂಜೆ ಎಲ್ಲರೂ ಅವರವರ ಮನೆಯಲ್ಲಿ ತೆರೆಯುತ್ತಾರೆ. ಮರುದಿನ ಎರಡನೆಯದ್ದು. ಒಬ್ಬರ ಬಿಯರನ್ನು ಹದಿಮೂರು ಜನ ಒಂದೇ ಸಂಜೆ ಕುಡಿಯುತ್ತಾ ಮಾತಾಡಿಕೊಳ್ಳುವುದು ಬೇರೆಯೇ ಮಜ. ಮಾಡಿದವರಿಗೆ ಆ ದಿನ ತಮ್ಮ ಹುಟ್ಟುಹಬ್ಬದ ಹಾಗೆ. ಡಬ್ಬ ಕೊಟ್ಟು ಸುಮ್ಮನಾದರೆ ಅರ್ಧದಷ್ಟು ಬಾಟಲಿ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತವೆ, ಯಾರೂ ಏನೂ ಹೇಳುವುದಿಲ್ಲ. ಸಂಖ್ಯೆ ಹಂಚುವಾಗ ಚೀಟಿ ಎತ್ತಬೇಡಿ, ನೀವೇ ಕೂತು ಹಂಚಿ. ಹಾಪ್ಸ್ ಜಾಸ್ತಿ ಇರುವ ಐಪಿಎ ಶೈಲಿಯ ಬಿಯರ್ ಮುಂಚೂಣಿಗೆ ಬರಲಿ, ಅದರ ಪರಿಮಳ ವಾರ ವಾರಕ್ಕೂ ಇಳಿಯುತ್ತದೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳಿನ, ರುಚಿ ಮುಂದಿರುವ ಬಿಯರುಗಳು ನಡುವೆ. ಇಂಪೀರಿಯಲ್ ಸ್ಟೌಟ್, ಬಾರ್ಲಿ ವೈನ್ ಥರದ ಗಟ್ಟಿ ಬಿಯರ್ ಕೊನೆಗೆ. ಪಟ್ಟಿಯಲ್ಲಿರುವವರಲ್ಲೇ ತಡವಾಗಿ ತುಂಬಿದವರನ್ನೂ ಕೊನೆಗೆ ತಳ್ಳಿ, ಅವರ ಬಿಯರಿಗೆ ಹತ್ತು ದಿನ ಉಚಿತವಾಗಿ ಸಿಗುತ್ತದೆ. ಎರಡು ಗಟ್ಟಿ ಬಿಯರ್ ಅಕ್ಕಪಕ್ಕದ ದಿನ ಬೇಡ.

ಹಂಚುವ ದಿನ ಗೊಂದಲ ಆಗದಿರಲು ಖಾಲಿ ಡಬ್ಬಗಳನ್ನು ಹೆಸರು ಬರೆದು ವೃತ್ತಾಕಾರದಲ್ಲಿ ಇಡಿ. ಪ್ರತಿಯೊಬ್ಬರೂ ತಮ್ಮ ಬಾಟಲಿ ಹಿಡಿದು ಒಂದು ಸುತ್ತು ಬಂದು, ತಮ್ಮ ಡಬ್ಬ ಬಿಟ್ಟು ಮಿಕ್ಕೆಲ್ಲದಕ್ಕೂ ಒಂದೊಂದು ಹಾಕಲಿ. ಸಂತರ್ಪಣೆಯಲ್ಲಿ ಬಡಿಸಿಕೊಂಡು ಹೋದ ಹಾಗೆ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಗಾಡಿ ಓಡಿಸಿಕೊಂಡು ಬಂದವರಿಗೆ ಅಲ್ಲಿ ಏನೂ ತೆರೆಯಬೇಡಿ.

ಬರಲಾಗದವರಿಗೆ ಅಂಚೆಯಲ್ಲಿ ಕಳಿಸೋಣ ಅನ್ನುವ ಮಾತು ಬಂದೇ ಬರುತ್ತದೆ. ಹಲವು ದೇಶಗಳ ಅಂಚೆ ಇಲಾಖೆ ಮದ್ಯವನ್ನು ತೆಗೆದುಕೊಳ್ಳುವುದೇ ಇಲ್ಲ. ಅಮೆರಿಕದ ಅಂಚೆ ಸೇವೆಯಲ್ಲೂ ನಿಷೇಧವಿದೆ. ಕೊರಿಯರಿಗೆ ಸುಳ್ಳು ಹೇಳಿ ಕಳಿಸುವುದನ್ನು ನಾನು ಸಲಹೆ ಕೊಡುವುದಿಲ್ಲ. ಆ ಕಡೆ ಹೋಗುವವರ ಕಾರಿನಲ್ಲಿ ಕಳಿಸಿ. ಹದಿಮೂರು ತುಂಬಿದ ಬಾಟಲಿ ಏಳು ಕಿಲೋ ದಾಟುತ್ತದೆ, ಡಬ್ಬದ ಅಡಿಗೆ ಟೇಪು ಎರಡು ಸುತ್ತು ಹೊಡೆಯಿರಿ. ಬಾಟಲಿ ನೆಟ್ಟಗೆ ನಿಲ್ಲಲಿ, ನಡುವೆ ರಟ್ಟು ಇರಲಿ, ಅಲ್ಲಾಡಿಸಿದರೆ ಕಿಣಿ ಕಿಣಿ ಅನ್ನಬಾರದು. ಮನೆ ತಲುಪಿದ ಮೇಲೂ ಕತ್ತಲಲ್ಲಿ, ತಂಪಲ್ಲಿ, ನೆಟ್ಟಗೇ ಇಡಬೇಕು. ಸರದಿಗೆ ಎರಡು ದಿನ ಇರುವಾಗ ಫ್ರಿಜ್ಜಿಗೆ ಸೇರಿಸಿದರೆ ಯೀಸ್ಟಿನ ಗಸಿ ತಳಕ್ಕೆ ಅಂಟಿಕೊಳ್ಳುತ್ತದೆ. ಬಗ್ಗಿಸುವಾಗ ಒಂದೇ ಸಲಕ್ಕೆ ಲೋಟಕ್ಕೆ ಹೊಯ್ದು, ಕೊನೆಯ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ.

ಈಗ ಅಂಕದ ವಿಷಯ. ಬಿಯರ್ ತೀರ್ಪುಗಾರರ ಬಿಜೆಸಿಪಿ ಅನ್ನುವ ಸಂಸ್ಥೆ 1985ರಿಂದ ಇದೆ. ಅವರ ಹಾಳೆಯಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಅನ್ನಿಸುವ ಮೈಕಟ್ಟಿಗೆ 5, ಒಟ್ಟಾರೆಗೆ 10. ಸ್ಪರ್ಧೆಗೆ ಅದು ಒಳ್ಳೆಯ ಹಾಳೆ. ರಜೆಯ ವಿನಿಮಯಕ್ಕೆ ತರಬೇಡಿ. ನಾವು ಒಂದು ವರ್ಷ ತಂದೆವು. 27 ಅಂಕ ಬಂದ ಒಬ್ಬರು ಮುಂದಿನ ವರ್ಷ ಬರಲೇ ಇಲ್ಲ. ಅವರ ಬಿಯರ್ ಚೆನ್ನಾಗೇ ಇತ್ತು, ‘ಪೇಲ್ ಏಲ್’ ಅಂತ ಬರೆದಿದ್ದರು, ಸ್ವಲ್ಪ ಕಪ್ಪಗಿತ್ತು, ಅಷ್ಟೆ.

ಅಂಕದ ಬದಲು ಮೂರು ಸಾಲು ಬರೆಯಿಸಿ. ಮೂಗಿಗೆ ಏನು ಬಂತು, ಏನು ಇಷ್ಟವಾಯಿತು, ಮಾಡಿದವರಿಗೆ ಒಂದು ಪ್ರಶ್ನೆ. ಆ ಪ್ರಶ್ನೆಯಲ್ಲೇ ತಪ್ಪುಗಳು ಮೆತ್ತಗೆ ಹೊರಬರುತ್ತವೆ. ‘ಬೆಣ್ಣೆಯ ವಾಸನೆ ಬಂತು, ಕೊನೆಗೆ ಎರಡು ದಿನ ಬೆಚ್ಚಗೆ ಇಟ್ಟಿದ್ರಾ?’ ಅಂದರೆ ಅದು ಹುದುಗುವಾಗ ಹುಟ್ಟುವ ಡಯಾಸೆಟೈಲ್ ಅನ್ನುವ ರಾಸಾಯನಿಕ ಅಂತ ಅವರಿಗೆ ಅರ್ಥವಾಗುತ್ತದೆ. ಹಸಿ ಸೇಬಿನ ವಾಸನೆ ಅಂದರೆ ಯೀಸ್ಟಿಗೆ ಇನ್ನೂ ಸಮಯ ಬೇಕಿತ್ತು. ಒದ್ದೆ ರಟ್ಟಿನ ರುಚಿ ಅಂದರೆ ತುಂಬುವಾಗ ಗಾಳಿ ಸೇರಿದೆ. ಒಬ್ಬರು ಹೇಳಿದರೆ ಅವರ ನಾಲಿಗೆ ಇರಬಹುದು. ಎಂಟು ಜನ ಅದನ್ನೇ ಬರೆದರೆ ಬಕೆಟ್ಟಿನಲ್ಲೇ ಏನೋ ಇದೆ.

ಕೊನೆಯದಾಗಿ ಖಾಲಿ ಬಾಟಲಿ. ಹದಿನಾಲ್ಕು ಜನ, ತಲಾ ಹದಿಮೂರು, ಒಟ್ಟು 182 ಬಾಟಲಿ ಊರೆಲ್ಲ ಹರಡಿಕೊಂಡಿರುತ್ತವೆ. ವಾಪಸ್ ಕೊಡುವ ದಿನವನ್ನೂ ಮೊದಲ ಸುದ್ದಿಯಲ್ಲೇ ಬರೆದುಬಿಡಿ. ಬಗ್ಗಿಸಿದ ಕೂಡಲೇ ಬಿಸಿನೀರು ಹಾಕಿ ಮೂರು ಸಲ ಕುಲುಕಿ ತಲೆಕೆಳಗಾಗಿ ಇಡಬೇಕು ಅಂತಲೂ ಬರೆಯಿರಿ. ಗಸಿ ಒಣಗಿ ತಳಕ್ಕೆ ಕಚ್ಚಿದ ಬಾಟಲಿಯನ್ನು ತಿಕ್ಕುತ್ತಾ ಕೂತರೆ ಮುಂದಿನ ವರ್ಷದ ಏರ್ಪಾಡಿಗೆ ಯಾರೂ ಸಿಗುವುದಿಲ್ಲ.